ಸೂಟು ತೆಗೆದ ತೂಕ

ತಗಡು ಬಡಿಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಸುತ್ತಿಗೆ ಹಾಕಬೇಕು, ಇನ್ನೊಬ್ಬರು ಒಳಗಿನಿಂದ ಅದೇ ಜಾಗಕ್ಕೆ ಡಾಲಿ ಕೊಟ್ಟು ಹಿಡಿಯಬೇಕು. ಡಾಲಿ ಅಂದರೆ ಅಂಗೈ ತುಂಬುವಷ್ಟು ಕಬ್ಬಿಣದ ಗಟ್ಟಿ, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಉಬ್ಬು. ನನ್ನ ತಮ್ಮ ಸಿದ್ದರಾಜು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಶೆಡ್ಡು ಹಾಕಿ ಹತ್ತೊಂಬತ್ತು ವರ್ಷವಾಯಿತು. ಅದರಲ್ಲಿ ಹದಿನಾಲ್ಕು ವರ್ಷ ಒಳಗಿನ ಕೈ ನನ್ನದೇ. ನನ್ನ ಗಂಡ ತೀರಿಕೊಂಡ ವರ್ಷ ತಮ್ಮನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. "ಅಕ್ಕ, ಒಸಿ ಇದ ಇಡ್ಕೊ" ಎಂದ. ಹಿಡಿದುಕೊಂಡೆ. ಆವತ್ತಿನಿಂದ ಹಿಡಿದುಕೊಂಡೇ ಇದ್ದೇನೆ. ಸುತ್ತಿಗೆ ಬಿದ್ದಾಗ ಲೋಹ ಎಷ್ಟು ದಪ್ಪ ಉಳಿದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕೈಗೂ ಕಿವಿಗೂ ಗೊತ್ತಾಗುತ್ತದೆ.

ಅಷ್ಟೂ ವರ್ಷ ನಾವು ಮಾಡಿದ್ದು ಲಾರಿಯ ಬಾಗಿಲು, ಆಟೋದ ಹಿಂಭಾಗ, ಹಾಲಿನ ವ್ಯಾನಿನ ಪೆಟ್ಟಿಗೆ ಇಂಥವೇ. ಬಣ್ಣ ಹೊಡೆದ ಮೇಲೆ ಅದರ ಮೇಲೆ ಓನರುಗಳು ತಮ್ಮ ಮಕ್ಕಳ ಹೆಸರು ಬರೆಸುವರು, ಮನೆದೇವರ ಹೆಸರು ಬರೆಸುವರು, ಬಣ್ಣದವನು ಮೂಲೆಯಲ್ಲಿ ತನ್ನ ಫೋನ್ ನಂಬರನ್ನೂ ಬರೆದುಕೊಳ್ಳುವನು. ಬಡಿದವನ ಹೆಸರು ಎಲ್ಲೂ ಇರುತ್ತಿರಲಿಲ್ಲ. ಇರಬೇಕು ಎಂದು ಸಿದ್ದರಾಜು ಬಾಯಿಬಿಟ್ಟು ಹೇಳಿದವನಲ್ಲ. ಆದರೆ ರಸ್ತೆಯಲ್ಲಿ ಹೋಗುವಾಗ ತಾನು ಮಾಡಿದ ಗಾಡಿ ಕಂಡರೆ ತಿರುಗಿ ತಿರುಗಿ ನೋಡುವನು.

ಯತೀಶ್ ಬಂದದ್ದು ಹೋದ ವರ್ಷ ಗೌರಿ ಹಬ್ಬದ ಹಿಂದಿನ ವಾರ. ಬಂಡೂರಿನ ಹತ್ತಿರ ಅವರ ಮನೆತನದ ಜಮೀನು, ವಾಸ ಮಂಡ್ಯದಲ್ಲಿ. ಕೈಯಲ್ಲಿ ಒಂದು ಹಳೇ ಫೋಟೋ ಇತ್ತು. ಅದರಲ್ಲಿ ಅವರ ತಾತ, ಎರಡೇ ಸೀಟಿನ, ಮೇಲೆ ಟಾಪಿಲ್ಲದ ಒಂದು ಓಟದ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದರು. ಮೂತಿ ಉದ್ದ, ಹಿಂಭಾಗ ಮೊಟ್ಟೆಯ ಹಾಗೆ ಗುಂಡು. ಎಪ್ಪತ್ತು ವರ್ಷದ ಹಿಂದಿನ ಮಾತು, ಆ ಕಾರು ಯಾವತ್ತೋ ಯಾರದೋ ಪಾಲಾಗಿತ್ತು.

"ಇಂಥದ್ದೇ ಒಂದು ಕಟ್ಟಿಕೊಡ್ತೀಯಾ? ನೋಡಕ್ಕೆ ಇದೇ ಥರ ಇರಬೇಕು, ಆದ್ರೆ ಹಗುರ ಇರಬೇಕು" ಎಂದರು ಯತೀಶ್.

ಜನವರಿ ಕೊನೆಯಲ್ಲಿ ಹಳೇ ಮಾದರಿ ಕಾರುಗಳಿಗೆ ಒಂದು ಬೆಟ್ಟ ಹತ್ತುವ ಓಟವಿತ್ತು. ಅದರಲ್ಲಿ ಹಗುರ ಕಾರುಗಳದ್ದೇ ಒಂದು ವರ್ಗ. ಐನೂರು ಕಿಲೋ ದಾಟುವಂತಿಲ್ಲ. ಓಡಿಸುವವಳು ಯತೀಶರ ತಂಗಿ ದೀಪಿಕ. ಮಂಡ್ಯದಲ್ಲಿ ಹೆಂಗಸರಿಗೆ ಕಾರು ಕಲಿಸುವ ಹುಡುಗಿ. ಯತೀಶ್ ತಮ್ಮ ಫೋನಿನಲ್ಲಿ ಓಟದವರ ಅರ್ಜಿ ತೋರಿಸಿದರು. "ಇಲ್ಲಿ ನೋಡು, ಕಟ್ಟಿದವರು ಅಂತ ಒಂದು ಕಾಲಂ ಐತೆ. ಇಲ್ಲಿ ನಿನ್ನ ಹೆಸರು. ಬೆಂಗಳೂರಿನವರು, ಕೊಯಮತ್ತೂರಿನವರು ಎಲ್ಲಾ ನೋಡ್ತಾರೆ. ತೂಕ ಮಾತ್ರ ದಾಟಬಾರದು. ದಾಟ್ತು ಅಂದ್ರೆ ಮೈಸೂರಲ್ಲಿ ಒಬ್ಬ ಇದಾನೆ, ಅವನ ಕೈಲಿ ಮುಗಿಸಬೇಕಾಗ್ತದೆ. ಆಗ ಹೆಸರೂ ಅವನದ್ದೇ."

ಅವರು ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ಸಿದ್ದರಾಜು ಕೇಳಿಸಿಕೊಂಡದ್ದು ಮಾತ್ರ ಕಾಲಂ ಒಂದನ್ನೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದ, "ಅಕ್ಕ, ಬರೀ ಸಿದ್ದರಾಜು ಅಂತ ಬರೆಸದಾ, ಮರಿಸಿದ್ದಯ್ಯನ ಮಗ ಸಿದ್ದರಾಜು ಅಂತ ಬರೆಸದಾ?"

"ಮೊದ್ಲು ಕಾರು ಕಟ್ಲಾ. ಇನ್ನೂ ಒಂದು ನಟ್ಟಿಲ್ಲ, ಅಪ್ಪನ್ನ ಕರ್ಕಬಂದು ಕೂರುಸ್ತಾವ್ನೆ" ಎಂದೆ. ನಕ್ಕ. ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ನಾಲ್ಕು ತಿಂಗಳು ಬೇರೆ ಕೆಲಸ ಹಿಡಿಯಲಿಲ್ಲ. ಕಬ್ಬಿಣದ ಪೈಪಿನಲ್ಲಿ ಚೌಕಟ್ಟು ಬೆಸೆದ. ಗುದ್ದಿಸಿಕೊಂಡು ಗುಜರಿಗೆ ಬಂದಿದ್ದ ಒಂದು ಸಣ್ಣ ಕಾರಿನ ಎಂಜಿನ್ನು ತಂದು ಕೂರಿಸಿದ. ಮೈಯ ಆಕಾರ ಹಿಡಿಯಲು ಮೊದಲು ಬಿದಿರ ದಬ್ಬೆ ಬಗ್ಗಿಸಿ ಕಟ್ಟಿದ. ಫೋಟೋ ನೋಡುವನು, ಒಂದು ದಬ್ಬೆ ಬಿಚ್ಚುವನು, ಮತ್ತೆ ಕಟ್ಟುವನು. ಅದನ್ನು ನೋಡಿ ದೀಪಿಕ, "ಸಿದ್ದಣ್ಣ, ಓಟಕ್ಕೆ ಬ್ಯಾಡ ಅಂದ್ರೂ ಚಿಂತೆಯಿಲ್ಲ, ನಮ್ಮನೆ ಕೋಳಿಗಳ್ನೆಲ್ಲ ಇದ್ರಲ್ಲಿ ಕವುಚಾಕ್ಬೋದು" ಎಂದಳು. ಆಮೇಲೆ ಆ ಬಿದಿರ ಮೇಲೆ ಅಲ್ಯುಮಿನಿಯಂ ತಗಡನ್ನು ಹೊಂದಿಸಿ ಹೊಂದಿಸಿ ಬಡಿದೆವು. ಅಲ್ಯುಮಿನಿಯಂ ಬಹಳ ಮೆದು. ಎರಡೇಟು ಹೆಚ್ಚಾದರೆ ಹಿಗ್ಗಿ ಬಸಿರಿಯ ಹೊಟ್ಟೆಯ ಹಾಗೆ ಉಬ್ಬುತ್ತದೆ.

ಓಡಿಸುವವರ ತಲೆಯ ಹಿಂದೆ ಒಂದು ಕಬ್ಬಿಣದ ಕಮಾನು ಇರಲೇಬೇಕೆಂದು ಓಟದವರ ನಿಯಮ. ಕಾರು ಮಗುಚಿಕೊಂಡರೆ ನೆಲಕ್ಕೆ ತಗಲುವುದು ಕಮಾನು, ತಲೆಯಲ್ಲ. ಪೈಪು ಎರಡೂವರೆ ಮಿಲಿಮೀಟರ್ ದಪ್ಪವಿರಬೇಕು. ಅದನ್ನೂ ಹಾಕಿದ.

ಡಿಸೆಂಬರ್ ಕೊನೆಗೆ ತೂಕಕ್ಕೆ ಒಯ್ದೆವು. ಹತ್ತಿರದ ಒಂದು ಆಲೆಮನೆಯವರು ಕಬ್ಬಿನ ಗಾಡಿ ತೂಗಲು ತೂಕದ ಕಟ್ಟೆ ಇಟ್ಟುಕೊಂಡಿದ್ದರು. ಅಲ್ಲಿ ತೂಕ ಬರೆಯುವವನು ಅಂಕಯ್ಯ, ನಮಗೆಲ್ಲ ಗೊತ್ತಿರುವವನೇ. ಕಾರನ್ನು ತಳ್ಳಿ ಕಟ್ಟೆಯ ಮೇಲೆ ನಿಲ್ಲಿಸಿದೆವು. ಅಂಕಿ ಕಾಣುವ ಪೆಟ್ಟಿಗೆ ಅವನ ಕಿಟಕಿಯ ಒಳಗಿತ್ತು, ಹೊರಗಿದ್ದವರಿಗೆ ಕಾಣುತ್ತಿರಲಿಲ್ಲ.

"ಏನ್ಲಾ ಇದು ಸಿದ್ದ, ಬಾಳೆ ಹೂವಿನ ಮೂತಿ ಮಾಡಿದ್ದೀಯಲ್ಲ!" ಎಂದ ಅಂಕಯ್ಯ.

"ತೂಕ ಯೋಳಣ್ಣ ಮೊದ್ಲು."

"ಇರ್ಲಾ, ಕಾಲೆತ್ತಿ ಕೆಳಗಿಡು. ನಿನ್ನೂ ಸೇರ್ಸಿ ತೂಗಲಾ?"

ಸಿದ್ದರಾಜು ಕಟ್ಟೆಯಿಂದ ಹಾರಿ ಇಳಿದ. ಅಂಕಯ್ಯ ಚೀಟಿ ಬರೆದು ಕಿಟಕಿಯಿಂದ ಚಾಚಿದ. ನಾನೂರ ತೊಂಬತ್ತೈದು.

ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಅದೇ ಇತ್ತು. ಸಿದ್ದರಾಜು ಆ ಚೀಟಿಯನ್ನು ಶೆಡ್ಡಿನ ಗೋಡೆಗೆ ಅಂಟಿಸಿದ. ಸಂಜೆ ಯತೀಶ್ ಬಂದು ಅದರ ಫೋಟೋ ಹೊಡೆದುಕೊಂಡರು. ಅಲ್ಲೇ ನಿಂತು ಅರ್ಜಿಯಲ್ಲಿ ಹೆಸರನ್ನೂ ತುಂಬಿಸಿದರು. ಅಪ್ಪನ ಹೆಸರೂ ಸೇರಿತು.

ಇದಾದ ವಾರಕ್ಕೆ ಮಳವಳ್ಳಿಯಲ್ಲಿ ನನ್ನ ಮಗಳ ಮಗುವಿಗೆ ಹೆಸರಿಡುವುದಿತ್ತು. ಹೊಸ ಬೆಲ್ಲ ಒಯ್ಯೋಣ ಎಂದು ಹಿಂದಿನ ದಿನ ಅದೇ ಆಲೆಮನೆಗೆ ಹೋದೆ. ಕಟ್ಟೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಬಿಸಿಲೆಂದು ಅಂಕಯ್ಯ ನನ್ನನ್ನು ತನ್ನ ಕೋಣೆಯೊಳಗೇ ಕೂರಿಸಿದ. ಹಾಗಾಗಿ ಪೆಟ್ಟಿಗೆಯ ಅಂಕಿ ನನ್ನ ಕಣ್ಣೆದುರಿಗೇ ಇತ್ತು. ಐದು ಸಾವಿರ ಎಂದು ತೋರಿಸುತ್ತಿತ್ತು. ಅಂಕಯ್ಯ ನಾಲ್ಕು ಸಾವಿರದ ಎಂಟುನೂರು ಎಂದು ಬರೆದ.

"ಇದೇನಪ್ಪ ಅಂಕಯ್ಯ, ಅಲ್ಲೊಂದು ತೋರುಸ್ತದೆ, ನೀನೊಂದು ಬರೀತೀಯೆ?"

"ಸೂಟು ಕಣ್ ಮಾದಮ್ಮ. ಸೋಗೆ, ಮಣ್ಣು, ಕಟ್ಟಿದ ಹಗ್ಗ ಎಲ್ಲ ಬತ್ತದಲ್ಲ, ಅದುಕ್ಕೆ ಟನ್ನಿಗೆ ನಲವತ್ತು ಕಿಲೋ ಕಳ್ದು ಬರೆಯದು. ಇಲ್ಲಿ ಯಾವತ್ತಿಂದ್ಲೂ ಅಂಗೆಯ."

ನನಗೆ ಶೆಡ್ಡಿನ ಗೋಡೆಯ ಚೀಟಿ ನೆನಪಾಯಿತು. ಆಮೇಲೆ ಕೇಳಿದೆ, "ನಮ್ಮ ಕಾರ್‌ಗೂ ಸೂಟು ತಗುದ್ಯಾ?"

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. "ಅಯ್ಯೋ" ಎಂದ. "ಕಾರ್‌ಗೆ ಯಾತುರ್ ಸೂಟು... ಆದ್ರೆ ತಗುದಿರ್ತೀನಿ ಕಣವ್ವ. ಇಪ್ಪತ್ತೆರಡು ವರ್ಸ ಆಯ್ತು, ಪೆಟ್ಗೆ ತೋರ್ಸಿದ್ದ ತೋರ್ಸಿದಂಗೆ ಒಂದಿನವೂ ಬರುದಿಲ್ಲ ನಾನು. ನೋಡದು, ಕಳೆಯದು, ಬರೆಯದು. ಕೈ ತಾನೇ ಕಳ್ದ್‌ಬುಡ್ತದೆ." ಆಮೇಲೆ ನಗಲು ನೋಡಿದ. "ಕಮ್ಮಿ ಬಂದ್ರೆ ಒಳ್ಳೇದೇ ಅಲ್ವಾ?"

ಬೆಲ್ಲದ ಗಂಟು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬರುವಾಗ ಲೆಕ್ಕ ಹಾಕಿದೆ. ಅರ್ಧ ಟನ್ನಿಗೆ ಇಪ್ಪತ್ತು. ಐನೂರ ಹದಿನೈದು.

ತಮ್ಮ ಉಂಡು ಮುಗಿಸುವ ತನಕ ಕಾದು ಹೇಳಿದೆ. ಸಿದ್ದರಾಜು ಕೈ ತೊಳೆಯದೆ ಎದ್ದು ಹೋಗಿ ಗೋಡೆಯ ಚೀಟಿ ನೋಡಿದ. ಆ ಹೊತ್ತಿನಲ್ಲೇ ಗುಜರಿಯವನ ಪಿಕಪ್ ಕರೆಸಿ ಕಾರನ್ನು ಮತ್ತೆ ಒಯ್ದ. ಈ ಸಲ ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ನಿಂತ. ಐನೂರ ಹದಿನೈದೇ.

"ಯತೀಶಪ್ಪಂಗೆ ಯೋಳ್ಬುಡು ಕಣ್ಲಾ. ತಪ್ಪು ನಿಂದಲ್ಲ, ಅಂಕಯ್ಯಂದು" ಎಂದೆ.

"ಯೋಳಿ? ಮೈಸೂರ್ಗೆ ಕಳ್ಸದಾ? ಇಪ್ಪತ್ತು ದಿನ ಅದೆ ಇನ್ನೂವೆ. ಇಳುಸ್ತೀನಿ ಬುಡು."

ಇಳಿಸತೊಡಗಿದ. ಸೀಟಿನ ಮೆತ್ತೆ ತೆಗೆದು ಕ್ಯಾನ್ವಾಸು ಬಿಗಿದ. ಕಾಲಡಿಯ ಹಲಗೆ ತೆಗೆದು ತಗಡು ಹಾಕಿದ. ಬಾಗಿಲಿನೊಳಗಿನ ಪಟ್ಟಿಗಳಿಗೆ ಸಾಲು ಸಾಲಾಗಿ ತೂತು ಕೊರೆದ. ತೆಗೆದ ಒಂದೊಂದನ್ನೂ ಅಂಗಡಿಯ ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಬಳಪದಲ್ಲಿ ಬರೆದ. ನಾನು ಮಳವಳ್ಳಿ ಬಸ್ಸು ಹತ್ತುವ ಹೊತ್ತಿಗೆ ಹತ್ತು ಕಿಲೋ ಇಳಿದಿತ್ತು. ಇನ್ನೈದು ಎಲ್ಲಿಂದ ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೆಸರಿಡುವ ಶಾಸ್ತ್ರ ಮುಗಿಸಿ ಮೂರನೆಯ ದಿನ ವಾಪಸು ಬಂದೆ. ಕಾರಿಗೆ ಕೊನೆಯ ಸಲದ ಬಣ್ಣವಾಗಿತ್ತು, ಹಸಿರು ಮಿಂಚುತ್ತಿತ್ತು. "ಐನೂರಕ್ಕೆ ಬಂತು ಕಣಕ್ಕ" ಎಂದ. ಮುಖದಲ್ಲಿ ಗೆಲುವಿರಲಿಲ್ಲ. ಸೀಟಿನ ಹಿಂದಿನ ಅಂಚು ಸ್ವಲ್ಪ ಸೊಟ್ಟವಾಗಿದೆ, ಹಿಡಿ ಎಂದ. ನಾನು ಒಳಗೆ ಕೈಯಿಟ್ಟು ಡಾಲಿ ಕೊಟ್ಟೆ. ಮೂರನೆಯ ಏಟು ಜಾರಿ ಪಕ್ಕದಲ್ಲಿದ್ದ ಕಮಾನಿಗೆ ತಗಲಿತು.

ಹಿಂದೆ ಆ ಕಮಾನಿಗೆ ತಗಲಿದರೆ ಒನಕೆಗೆ ತಗಲಿದ ಹಾಗೆ ಧಡ್ ಎನ್ನುತ್ತಿತ್ತು. ಈಗ ಚೊಂಬಿಗೆ ಬಡಿದ ಹಾಗೆ ಟಣ್ ಎಂದಿತು.

ನಾನು ಡಾಲಿ ಕೆಳಗಿಟ್ಟೆ. "ಸಿದ್ದ, ಏನ್ಲಾ ಮಾಡ್ದೆ?"

ಅವನು ಅಂಚನ್ನೇ ನೋಡುತ್ತಿದ್ದ. "ಏನ್ ಮಾಡ್ದೆ?"

"ಪೈಪ್ ಬದ್ಲಾಯ್ಸಿದ್ದೀಯ."

"ಒಂದೂಕಾಲು ಮಿಲಿಮೀಟರಿಂದು ಹಾಕಿವ್ನಿ. ಮೇಲಿಂದ ಗಾತ್ರ ಒಂದೇ. ಯಾರ್ಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂದ್ರೆ? ಕಾರು ಮೊಗುಚ್ಕಂಡಾಗ ಗೊತ್ತಾಗದಿಲ್ವಾ?"

"ಯಾಕ್ ಮೊಗುಚ್ಕತ್ತದೆ? ಆ ಉಡ್ಗಿ ಓಡ್ಸದ ನೀ ನೋಡಿಲ್ವಾ? ನೀರು ತುಂಬಿದ್ ಲೋಟ ಮಡಗಿದ್ರೂ ಚೆಲ್ಲಲ್ಲ." ಆಮೇಲೆ ಫೋಟೋ ತಂದು ನನ್ನ ಮುಖಕ್ಕೆ ಹಿಡಿದ. "ನೋಡಿಲ್ಲಿ. ಅಸಲಿ ಕಾರ್‌ಲಿ ಕಮಾನೇ ಇರ್ನಿಲ್ಲ. ಅವ್ರ ತಾತ ಇಲ್ದೇನೆ ಓಡಿಸ್ದ. ಸತ್ತೋದ್ನಾ? ತೊಂಬತ್ತು ವರ್ಸ ಬಾಳ್ದ!"

"ಇಲ್ದೆ ಇದ್ರೆ ಇಲ್ಲ ಅಂತ ಗೊತ್ತಿರ್ತದೆ ಕಣ್ಲಾ, ಉಸಾರಾಗಿ ಓಡುಸ್ತಾರೆ. ಇದು ಅದೆ ಅಂತ ನಂಬ್ಕಂಡು ಓಡುಸ್ತಾಳಲ್ಲ."

ಅವನು ಫೋಟೋ ಕೆಳಗಿಟ್ಟ. ಹೊರಗೆ ಹೋಗಿ ಬೀಡಿ ಹಚ್ಚಿ, ಅಲ್ಲಿಂದಲೇ ಹೇಳಿದ. "ನನ್ ವಯಸ್ಸು ನಲವತ್ತೇಳು ಅಕ್ಕ. ಇಂಥ ಕೆಲ್ಸ ಇನ್ನೊಂದ್ಸಲ ಬರದಿಲ್ಲ. ಇದೊಂದ ಬುಟ್ಬುಡು ನನ್ಗೆ."

ಅವನು ನನ್ನನ್ನು ಬೇಡಿಕೊಂಡದ್ದು ಅದೇ ಮೊದಲು. ಚಿಕ್ಕವನಾಗಿದ್ದಾಗಲೂ ಬೇಡಿದವನಲ್ಲ, ಕಿತ್ತುಕೊಳ್ಳುತ್ತಿದ್ದ. ಆವತ್ತು ನಾನು ಮಾತು ಬೆಳೆಸಲಿಲ್ಲ. ಎರಡು ದಿನ ಕೊಟ್ಟರೆ ಅವನೇ ಸರಿಮಾಡುತ್ತಾನೆ ಎಂದುಕೊಂಡೆ. ನನ್ನದು ಯಾವಾಗಲೂ ಹಾಗೆ. ಕಾಯುತ್ತೇನೆ. ಅದನ್ನು ಊರಿನವರು ತಾಳ್ಮೆ ಎಂದು ಹೊಗಳುತ್ತಾರೆ.

ಎರಡು ದಿನ ಸಿಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ದೀಪಿಕ ಬಂದಳು. ತಲೆಗೆ ಹೆಲ್ಮೆಟ್ಟು, ಕೈಗೆ ಗ್ಲೌಸು. ಕಾರಿನ ಸುತ್ತ ಒಂದು ಸುತ್ತು ಬಂದು, ಕಮಾನನ್ನು ಹಿಡಿದು ಜೋತುಬಿದ್ದಂತೆ ಮಾಡಿ, "ಸಿದ್ದಣ್ಣ, ದೃಷ್ಟಿ ತೆಗೀಬೇಕು ಇದಕ್ಕೆ. ಇವತ್ತೊಂದು ರೌಂಡು ಹೊಡ್ದು ನೋಡ್ತೀನಿ. ಶಿವಪುರದ ತನಕ ಹೋಗಿ ಬಂದ್ಬಿಡ್ತೀನಿ" ಎಂದಳು.

ಸಿದ್ದರಾಜು ಕೀಲಿ ಕೊಟ್ಟ. ಅವಳು ಒಳಗೆ ಕೂತು ಬೆಲ್ಟು ಬಿಗಿದುಕೊಳ್ಳುತ್ತಿದ್ದಳು. ನಾನು ಬಾಗಿಲ ಹತ್ತಿರ ಹೋದೆ.

"ಇಳಿಯವ್ವ. ಆ ಕಮಾನು ತೆಳು ಪೈಪಿಂದು. ತಡೆಯಕಿಲ್ಲ" ಎಂದೆ.

ಅವಳ ಕೈ ಬೆಲ್ಟಿನ ಮೇಲೇ ನಿಂತಿತು. ಹಿಂದಕ್ಕೆ ತಿರುಗಿ ಕಮಾನು ನೋಡಿದಳು, ಆಮೇಲೆ ಸಿದ್ದರಾಜುವನ್ನು ನೋಡಿದಳು. "ಹೌದೇನಣ್ಣ?"

ಅವನು ನನ್ನತ್ತ ನೋಡಲೇ ಇಲ್ಲ. "ಅಕ್ಕಂಗೆ ಕಿವಿ ಮಂದ ಆಗದೆ ಮೇಡಂ. ಯಾವ್ದೋ ಸದ್ದು ಕೇಳ್ಕಂಡು ಯಾವ್ದೋ ಯೋಳ್ತಾರೆ. ಎರಡೂವರೆದೇ ಅದು" ಎಂದ.

ದೀಪಿಕ ನನ್ನ ಮುಖ ನೋಡಿದಳು. ಕಾಯುತ್ತಿದ್ದಳು. ಇನ್ನೊಂದು ಮಾತು ಹೇಳಿದ್ದರೆ ಇಳಿಯುತ್ತಿದ್ದಳು, ಅದು ನನಗೆ ಗೊತ್ತು. ಆದರೆ ಇನ್ನೊಂದು ಮಾತು ಹೇಳಿದರೆ ನನ್ನ ತಮ್ಮ ಅವಳ ಕಣ್ಣೆದುರಿಗೇ ಸುಳ್ಳನಾಗುತ್ತಾನೆ. ಅವನಾಗಿಯೇ ಈಗ ಬಾಯಿಬಿಡುತ್ತಾನೆ, ಈಗ ಬಿಡುತ್ತಾನೆ ಎಂದು ನಾನು ಅವನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. ಅಷ್ಟರಲ್ಲಿ ಎಂಜಿನ್ನು ಶುರುವಾಯಿತು. "ಅಜ್ಜಿ, ಭಯ ಬೀಳ್ಬೇಡಿ, ನಿಧಾನಕ್ಕೇ ಹೋಗ್ತೀನಿ" ಎಂದು ಅವಳು ನಗುತ್ತಾ ರಸ್ತೆಗೆ ಇಳಿಸಿಕೊಂಡು ಹೋದಳು.

ಶೆಡ್ಡಿನಲ್ಲಿ ಗೋಡೆ ಗಡಿಯಾರವಿದೆ. ಹತ್ತೂಕಾಲಾಗಿತ್ತು. ಸಿದ್ದರಾಜು ಒಂದು ಬೋಲ್ಟು ತೆಗೆದುಕೊಂಡು ಅರ ಹಾಕಿ ಉಜ್ಜಲು ಕೂತ. ಹೊಸ ಬೋಲ್ಟು, ಅದಕ್ಕೆ ಉಜ್ಜುವಂಥದ್ದು ಏನೂ ಇರಲಿಲ್ಲ. ಕಬ್ಬಿನ ಕಾಲ. ರಸ್ತೆ ತುಂಬ ಟ್ರ್ಯಾಕ್ಟರುಗಳು, ಉದುರಿದ ಜಲ್ಲೆಗಳು, ಎರಡೂ ಕಡೆ ಗದ್ದೆಗೆ ಇಳಿಜಾರು. ಪ್ರತಿಯೊಂದು ಹಾರ್ನಿಗೂ ಅವನ ಕೈ ನಿಲ್ಲುತ್ತಿತ್ತು. ದೂರದಲ್ಲಿ ಎಲ್ಲೋ ಬ್ರೇಕು ಕಿರುಚಿದ ಸದ್ದಾಯಿತು. ಇಬ್ಬರೂ ಎದ್ದು ನಿಂತೆವು. ಒಂದು ಬಸ್ಸು ಬಂದು ಹೋಯಿತು. ಮತ್ತೆ ಕೂತೆವು.

ಹತ್ತು ಇಪ್ಪತ್ತಾರಕ್ಕೆ ಕಾರು ವಾಪಸು ಬಂತು.

ದೀಪಿಕ ಹೆಲ್ಮೆಟ್ಟು ತೆಗೆದಳು. ಮುಖವೆಲ್ಲ ಕೆಂಪಾಗಿತ್ತು. "ಏನಣ್ಣ ಇದು, ಗಾಳಿ ಕಣಣ್ಣ, ಗಾಳಿ! ತಿರುವಲ್ಲಿ ಎದುರಿಗೊಂದು ಟ್ರ್ಯಾಕ್ಟರ್ ಬಂತು ನೋಡಿ, ಪಕ್ಕಕ್ಕೆ ಎಳ್ಕೊಂಡೆ, ಹಿಂದಿನ ಚಕ್ರ ಒಂದು ನೆಲ ಬಿಡ್ತು! ಹೋಯ್ತು ಕತೆ ಅಂದ್ಕೊಂಡೆ. ಮತ್ತೆ ಬೆಕ್ಕಿನ ಥರ ನಿಂತ್ಕೊಳ್ತು."

ಸಿದ್ದರಾಜು ಎದ್ದ. ಹೋಗಿ ಪೈಪು ಕುಯ್ಯುವ ಮಿಷನ್ನಿನ ವೈರನ್ನು ಪ್ಲಗ್ಗಿಗೆ ಹಾಕಿದ.

"ಇಳೀರಿ ಮೇಡಂ" ಎಂದ.

"ಯಾಕೆ?"

"ಇಳೀರಿ."

ಅವಳು ಇಳಿದಳು. ಅವನು ಕನ್ನಡಕವನ್ನೂ ಹಾಕಿಕೊಳ್ಳದೆ ಹೊಸ ಬಣ್ಣದ ಮೇಲೇ ಮಿಷನ್ನು ಇಟ್ಟ. ಕಿಡಿ ಹಾರಿ ಹಸಿರು ಮೈಯ ಮೇಲೆಲ್ಲ ಬಿತ್ತು. ಕಮಾನು ಎರಡೂ ಬುಡದಲ್ಲಿ ಬಿಡಿಸಿಕೊಂಡು ಬಂತು. ಅದನ್ನು ತಂದು ಕುಯ್ದ ಬಾಯಿ ಕಾಣುವ ಹಾಗೆ ಅವಳ ಮುಂದೆ ಹಿಡಿದ. ದೀಪಿಕ ಗ್ಲೌಸು ತೆಗೆದು ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಬಳೆಯಷ್ಟೂ ದಪ್ಪ ಇರಲಿಲ್ಲ.

"ಇದ್ರಲ್ಲಾ ನಾನು ಕೂತಿದ್ದು?"

"ಊಂ" ಎಂದ ಸಿದ್ದರಾಜು. "ತೂಕಕ್ಕೆ ಅಂತ. ಚೀಟಿ ತಪ್ಪಾಗಿತ್ತು. ಸೂಟು ತಗ್ದಿದ್ರು. ಐನೂರ ಹದಿನೈದಿತ್ತು."

ಸೂಟು ಎಂದರೆ ಏನೆಂದು ಅವಳು ಕೇಳಲಿಲ್ಲ. ರೈತರ ಮನೆಯ ಹುಡುಗಿ, ಅವಳಿಗೆ ಗೊತ್ತು. ಅವಳು ತಿರುಗಿದ್ದು ನನ್ನ ಕಡೆಗೆ.

"ನೀವು ಹೇಳಿದ್ರಿ. ಮತ್ಯಾಕೆ ಇನ್ನೊಂದ್ಸಲ ಹೇಳ್ಲಿಲ್ಲ?"

ಅವಳು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆಯವರೆಗೆ ನಡೆದು ಹೋಗಿ, ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡಳು.

ಯತೀಶ್ ಮೂರನೆಯ ದಿನ ಪಿಕಪ್ ಗಾಡಿ ತೆಗೆದುಕೊಂಡು ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮೈಸೂರಿಗೆ ತಗೊಂಡೋಗ್ತಿದೀನಿ. ನೀನೇ ಕುಯ್ದು ತೋರಿಸ್ದೆ ಅಂತ ದೀಪು ಹೇಳಿದ್ಲು. ಅದ್ಕೇ ಬರೀ ಕಾರು ತಗೊಂಡು ಹೋಗ್ತಿದೀನಿ, ಬೇರೆ ಏನೂ ಮಾಡಲ್ಲ" ಎಂದರು. ದೀಪಿಕ ಬಂದಿರಲಿಲ್ಲ. ದೊಡ್ಡ ಕಾರುಗಳ ವರ್ಗದಲ್ಲಾದರೂ ಓಡಿಸುತ್ತಾಳಂತೆ. ಸರಿಯಾದ ಕಮಾನು ಹಾಕಿ, ಮೈಸೂರಿನವನು ಇಡೀ ಕಾರನ್ನು ಪರೀಕ್ಷೆ ಮಾಡಿದ ಮೇಲೆ. ಸಿದ್ದರಾಜು ಹಾಕಿದ ಬೇರೆ ಯಾವ ಬೆಸುಗೆಯನ್ನೂ ಅವಳು ಇನ್ನು ನಂಬುವುದಿಲ್ಲವಂತೆ. ಬೇರೆ ಬೆಸುಗೆಗಳೆಲ್ಲ ಸರಿಯಾಗಿದ್ದವು. ಅದನ್ನು ಹೇಳುವ ಬಾಯಿ ನಮ್ಮಿಬ್ಬರಿಗೂ ಇರಲಿಲ್ಲ. ಕಾಲಂನಲ್ಲಿ ಬರೆದ ಹೆಸರಿನ ಮಾತನ್ನು ಯಾರೂ ಎತ್ತಲಿಲ್ಲ.

ಕಾರನ್ನು ಗಾಡಿಗೆ ಹತ್ತಿಸಿದವನು ಸಿದ್ದರಾಜುವೇ. ಹಗ್ಗ ಉಜ್ಜಿ ಬಣ್ಣ ಹೋಗದಿರಲೆಂದು ತನ್ನ ಟವಲನ್ನು ಎರಡಾಗಿ ಹರಿದು ಹಗ್ಗದ ಕೆಳಗೆ ಇಟ್ಟ. ಗಾಡಿ ರಸ್ತೆಗೆ ಹತ್ತಿದಾಗ ಅವನು ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಅವನಿಗೆ ಮುದ್ದೆ ಬಡಿಸಿದೆ. ಮೂರು ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದ. ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಡದೆ ಹಾಗೇ ಕೂತ.

"ಕೊನೇಗೆ ನೀನೇ ಯೋಳ್ದಲ್ಲ, ಬುಡು. ಉಣ್ಣು" ಎಂದೆ.

"ಕೊನೇಗೆ ಯೋಳ್ದೆ" ಎಂದ. "ಅನ್ನೊಂದು ನಿಮ್ಸ ತಡ್ದು ಯೋಳ್ದೆ. ಆ ಅನ್ನೊಂದು ನಿಮ್ಸವೂ ಅವ್ಳು ಅದ್ರೊಳ್ಗೇ ಕೂತಿದ್ಲು ಕಣಕ್ಕ."

ನಾನೂ ಆ ಹನ್ನೊಂದು ನಿಮಿಷ ಅವನ ಪಕ್ಕದಲ್ಲೇ ಕೂತಿದ್ದೆ. ಅವನು ಅದನ್ನು ಹೇಳಲಿಲ್ಲ. ನಾನು ಅವನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟು, ನನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಇಬ್ಬರಿಗೂ ಊಟ ಸೇರಲಿಲ್ಲ.